ಪರದೆಯ ಹಸಿರು, ಕುಬಸದ ಹಸಿರು

ಕಪ್ಪು-ಬಿಳುಪಿನ ಕಾಲದಲ್ಲಿ ಬೆಳ್ಳಿತೆರೆಯ ನಾಯಕಿ ಉಟ್ಟ ಸೀರೆಯ ಬಣ್ಣ ಯಾವುದು ಅಂತ ಹೇಳುವವರು ಯಾರಿದ್ದರು ಹೇಳಿ? ತೆರೆಯ ಮೇಲೆ ಕೆಂಪೂ ಬೂದಿ, ಹಸಿರೂ ಬೂದಿ! ಸಿನಿಮಾ ನೋಡಿ ಬಂದ ಹೆಣ್ಣುಮಕ್ಕಳು ತಮಗೆ ಬೇಕಾದ ಬಣ್ಣವನ್ನು ತಾವೇ ಮನಸ್ಸಿನಲ್ಲಿ ತುಂಬಿಕೊಳ್ಳುತ್ತಿದ್ದರು. 1964ರಲ್ಲಿ ‘ಅಮರಶಿಲ್ಪಿ ಜಕಣಾಚಾರಿ’ ಬಂತು. ಕನ್ನಡದ ಮೊದಲ ಪೂರ್ಣ ವರ್ಣಚಿತ್ರ. 1971ರ ‘ಶರಪಂಜರ’ದ ಹೊತ್ತಿಗೆ ಕಲ್ಪನಾ ಉಟ್ಟ ಸೀರೆ, ತೊಟ್ಟ ಬಳೆ ನೋಡಿದ ಹೆಂಗಸರು ಅಂಗಡಿಗೆ ಹೋಗಿ ‘ಅಂಥಾದ್ದೇ ಕೊಡ್ರಿ’ ಅಂತ ಹಟ ಹಿಡಿಯುತ್ತಿದ್ದರಂತೆ. ಇದು ನಾನು ಕಂಡದ್ದಲ್ಲ, ನನಗೆ ಹೊಲಿಗೆ ಕಲಿಸಿದ ನಮ್ಮವ್ವ ಹೇಳಿದ್ದು.

ಈ ‘ಅಂಥಾದ್ದೇ’ ಅನ್ನುವ ಒಂದು ಮಾತಿನ ಮೇಲೆಯೇ ನನ್ನಂಥವರ ಹೊಟ್ಟೆಪಾಡು ನಿಂತಿದೆ. ನಾನು ಅಫಜಲಪುರ ತಾಲೂಕಿನ ಕರಜಗಿಯವಳು. ಮನೆಯ ಪಡಸಾಲೆಯಲ್ಲೇ ಮಷಿನ್ ಹಾಕಿಕೊಂಡು ಮೂವತ್ತು ವರ್ಷದಿಂದ ಕುಬಸ, ಲಂಗ, ಫ್ರಾಕು ಹೊಲಿಯುತ್ತಿದ್ದೇನೆ. ಬಸ್ ಸ್ಟ್ಯಾಂಡಿನಲ್ಲಿ ಸಿಗುವ ಸಿನಿಮಾ ಪತ್ರಿಕೆಯೇ ನಮ್ಮ ಫ್ಯಾಷನ್ ಪುಸ್ತಕ! ನಾಯಕಿಯ ಫೋಟೋದ ಮೇಲೆ ಬೆರಳಿಟ್ಟು ‘ತೋಳು ಹಿಂಗ ಬರಬೇಕು, ಬೆನ್ನು ಹಿಂಗ ಬರಬೇಕು’ ಅಂತಾರೆ. ತೋಳು ತರಬಹುದು, ಬೆನ್ನು ತರಬಹುದು. ಆದರೆ ಆ ಫೋಟೋದೊಳಗಿನ ಹೂವಿನ ಅರಿವೆ ಎಲ್ಲಿಂದ ತರಲಿ? ಅಫಜಲಪುರ ಆಯಿತು, ಗಡಿ ದಾಟಿ ಅಕ್ಕಲಕೋಟ ಆಯಿತು, ಸೊಲ್ಲಾಪುರ ಆಯಿತು. ಎಲ್ಲ ಅಂಗಡಿಯಲ್ಲೂ ಒಂದೇ ಉತ್ತರ: ‘ಅಂಥಾದ್ದಿಲ್ಲ, ಇಂಥಾದ್ದು ಅದ ನೋಡ್ರಿ.’

ಅರಿವೆಯ ಕೆಲಸ ಸಣ್ಣದೆಂದು ಯಾರೂ ತಿಳಿಯಬೇಡಿ ಮತ್ತೆ. ಕೊಲ್ಹಾಪುರದಲ್ಲಿ ಹುಟ್ಟಿದ ಭಾನು ಅಥೈಯಾ ‘ಗಾಂಧಿ’ ಚಿತ್ರದ ಉಡುಪಿಗಾಗಿ 1983ರಲ್ಲಿ ಆಸ್ಕರ್ ಪಡೆದರು. ಭಾರತೀಯರಿಗೆ ಸಿಕ್ಕ ಮೊದಲ ಆಸ್ಕರ್ ಅದು. ನಟನೆಗಲ್ಲ, ಹಾಡಿಗಲ್ಲ, ಉಡುಪಿಗೆ!

ಇರಲಿ, ವಿಷಯಕ್ಕೆ ಬರುತ್ತೇನೆ.

ಹೋದ ವರ್ಷ ತೊಗರಿ ರಾಶಿಯ ದಿನಗಳು. ನಮ್ಮ ಓಣಿಯ ಹುಡುಗಿಯೊಬ್ಬಳು ಒಂದು ಗಂಟು ಹಿಡಿದುಕೊಂಡು ಬಂದಳು. ಮದುವೆಯಾಗಿ ಎರಡು ವರ್ಷ, ಈಗ ಬಸುರಿ. ಗಂಟಿನಲ್ಲಿ ಒಂದು ಹಳೆಯ ವಾಯಿಲ್ ಸೀರೆ. ಹಸಿರು ನೆಲ, ಅದರ ಮೇಲೆ ಮೂರು ಮೂರರ ಗೊಂಚಲಾಗಿ ಬಿಳಿ ಮಲ್ಲಿಗೆ ಮೊಗ್ಗು, ಗೊಂಚಲಿನ ನಡುವೆ ಒಂದು ಕುಂಕುಮದ ಚುಕ್ಕಿ.

“ಮಾವಶಿ, ಈ ಸೀರ್ಯಾಗ ನನಗೊಂದು ಕುಬಸ ಹೊಲದು ಕೊಡು. ಏಳು ತಿಂಗಳ ಕುಬಸಕ್ಕ ಅದನ್ನೇ ತೊಡತೀನಿ” ಅಂದಳು.

ನಮ್ಮ ಕಡೆ ಕುಬಸ ಅಂದರೆ ಬರೀ ರವಿಕೆ ಅಲ್ಲ, ಅದೊಂದು ಕಾರ್ಯದ ಹೆಸರು. ದಕ್ಷಿಣದವರು ಸೀಮಂತ ಅನ್ನುವುದನ್ನು ನಾವು ಕುಬಸ ಅನ್ನುತ್ತೇವೆ. ಬಸುರಿ ಮಗಳಿಗೆ ತವರವರು ಹಸಿರು ಸೀರೆ, ಹಸಿರು ಬಳೆ, ಕುಬಸ, ಬಗೆ ಬಗೆಯ ತಿನಿಸು ತಂದು ಉಡಿ ತುಂಬುತ್ತಾರೆ. ತರುವವಳು ತಾಯಿ. ಈ ಹುಡುಗಿಗೆ ತಾಯಿ ಇಲ್ಲ. ಇವಳಿಗೆ ಒಂಬತ್ತು ವರ್ಷವಿದ್ದಾಗಲೇ ತೀರಿಕೊಂಡಳು. ಉಳಿದದ್ದು ಆ ಒಂದು ಸೀರೆ. ಇಪ್ಪತ್ತು ವರ್ಷದ ಮೇಲಿನದು. ‘ಅವ್ವ ತರಲಿಕ್ಕಿಲ್ಲ, ಅವ್ವನ ಸೀರಿಯಾದ್ರೂ ಬರಲಿ’ ಅನ್ನುವುದು ಅವಳ ಆಸೆ.

ಸೀರೆಯನ್ನು ಬೆಳಕಿಗೆ ಹಿಡಿದೆ. ಮಡಿಕೆ ಮಡಿಕೆಯಲ್ಲಿ ಅರಿವೆ ಸವೆದು ಜಾಳಾಗಿತ್ತು. ಹೊಲಿಗೆ ಹಾಕಿದರೆ ಸೂಜಿ ಚುಚ್ಚಿದ ಕಡೆಯೇ ಪರ್ ಅಂತ ಹರಿಯುತ್ತದೆ. ಕುಬಸಕ್ಕಂತೂ ಕಂಕುಳಲ್ಲಿ ಎಳೆತ ಜಾಸ್ತಿ. ಅದನ್ನು ಹೇಳಲು ನಾನು ಬಾಯಿ ತೆರೆಯುವ ಮೊದಲೇ ಅವಳ ಆಯಿ, ಅಂದರೆ ಸತ್ತವಳ ತಾಯಿ, ಬಾಗಿಲಲ್ಲಿ ನಿಂತಿದ್ದಳು.

“ಏ ಹುಡುಗಿ, ಸತ್ತಾಕಿ ಸೀರಿ ಕುಬಸಕ್ಕ ತರ್ತಾರೇನ? ಬಸರ ಹೆಣ್ಣಮಗಳ ಮೈಮ್ಯಾಲ ಹೊಸಾ ಅರಬಿ ಬೀಳಬೇಕು. ಹಳೀದು ಬ್ಯಾಡ. ನಾ ಇರೂ ತನಕಾ ಬ್ಯಾಡ!”

ಹುಡುಗಿ ಅತ್ತಳು. ಮುದುಕಿಯೂ ಅತ್ತಳು. ಇಬ್ಬರೂ ಅಳುವುದು ಒಬ್ಬಳಿಗಾಗಿಯೇ! ನಡುವೆ ನಾನು, ಕೈಯಲ್ಲಿ ಸೀರೆ. ಯಾರ ಪಕ್ಷ ವಹಿಸಲಿ, ನೀವೇ ಹೇಳಿ?

ಆ ವಾರ ನೂಲು, ಹುಕ್ಕು ತರಲು ಸೊಲ್ಲಾಪುರಕ್ಕೆ ಹೋಗುವುದಿತ್ತು. ಸೀರೆಯನ್ನೂ ಜೊತೆಗೆ ಒಯ್ದೆ. ನವಿ ಪೇಠೆಯಲ್ಲಿ ಅಂಗಡಿ ಅಂಗಡಿ ಹತ್ತಿದೆ. ಒಬ್ಬ ಹಿರಿಯ ಅಂಗಡಿಕಾರ ಸೀರೆಯನ್ನು ಸವರಿ ನೋಡಿ, “ಅಕ್ಕಾ, ಇದು ಮಿಲ್ಲಿನ ಹಳೀ ಛಾಪು. ಇನ್ನ ಬರಂಗಿಲ್ಲ” ಅಂದ.

ಬರುವುದಿಲ್ಲ ಯಾಕೆ? ಅದಕ್ಕೆ ಕಾರಣವಿದೆ. ಮಿಲ್ಲಿನಲ್ಲಿ ಅರಿವೆಗೆ ಛಾಪು ಹಾಕುವಾಗ ಒಂದೊಂದು ಬಣ್ಣಕ್ಕೂ ಒಂದೊಂದು ಜಾಲರಿ ಬೇಕು. ಈ ಸೀರೆಗಾದರೆ ಹಸಿರಿಗೊಂದು, ಕುಂಕುಮಕ್ಕೊಂದು. ಆರು ಬಣ್ಣವಿದ್ದರೆ ಆರು ಜಾಲರಿ. ಚಪ್ಪಟೆ ಜಾಲರಿಯ ಬದಲು ಕೊಳವೆಯಂತೆ ಗಿರಗಿರನೆ ತಿರುಗುವ ಜಾಲರಿಯ ಯಂತ್ರವನ್ನು ಹಾಲೆಂಡಿನ ಸ್ಟಾರ್ಕ್ ಕಂಪನಿ 1963ರಲ್ಲಿ ತಂದಿತು. ಆಮೇಲೆ ಅರಿವೆ ನದಿಯಂತೆ ಹರಿಯತೊಡಗಿತು. ಆದರೆ ಜಾಲರಿ ಕೆತ್ತಿಸಿ, ಬಣ್ಣ ಕೂಡಿಸಿ, ಯಂತ್ರ ಹೂಡುವ ಖರ್ಚು ಹುಟ್ಟಬೇಕಾದರೆ ನೂರಾರು, ಸಾವಿರಾರು ಮೀಟರ್ ಛಾಪಿಸಲೇಬೇಕು. ಒಬ್ಬ ಹುಡುಗಿಯ ಒಂದು ಕುಬಸಕ್ಕಾಗಿ ಯಾವ ಮಿಲ್ಲು ಜಾಲರಿ ಕೆತ್ತಿಸುತ್ತದೆ? ಅದರ ಮೇಲೆ ಮಿಲ್ಲುಗಳಾದರೂ ಎಲ್ಲಿವೆ! ಕಲಬುರಗಿಯಲ್ಲಿ ನಿಜಾಮರ ಕಾಲದ ಎಂ.ಎಸ್.ಕೆ. ಮಿಲ್ಲಿತ್ತು. ಅದು ಮುಚ್ಚಿ ಎಷ್ಟೋ ಕಾಲವಾಯಿತು. ಈಗ ಆ ಹೆಸರು ಉಳಿದಿರುವುದು ಬಡಾವಣೆಗೆ ಮಾತ್ರ.

ಬರಿಗೈಲಿ ಮರಳಿ ಬಂದಾಗ ನಮ್ಮಣ್ಣನ ಮಗ ಮನೆಯಲ್ಲಿದ್ದ. ಕಲಬುರಗಿಯಲ್ಲಿ ಕಾಲೇಜು ಓದುವ ಹುಡುಗ, ಮೊಬೈಲಿನಲ್ಲೇ ಮುಳುಗಿರುವವ. ತಲೆ ಎತ್ತದೆಯೇ ಅಂದ: “ಅತ್ತಿ, ಒಂದು ಮೀಟರ್ ಬೇಕಂದ್ರೂ ಛಾಪಿಸಿ ಕಳಸ್ತಾರ. ನಮ್ಮ ಡಿಜೈನ್ ನಾವೇ ಕಳಸೂದು, ಆನ್‌ಲೈನ್‌ದಾಗ.”

ನಾನು ನಂಬಲಿಲ್ಲ. ಅವನು ತೋರಿಸಿದ. ಓದುಗರೇ, ನಿಜ! ಕಾಗದದ ಮೇಲೆ ಕಂಪ್ಯೂಟರ್ ಪ್ರಿಂಟ್ ತೆಗೆಯುತ್ತಾರಲ್ಲ, ಹಾಗೆಯೇ ಅರಿವೆಯ ಮೇಲೂ ಯಂತ್ರ ಸಣ್ಣ ಸಣ್ಣ ಹನಿಯಾಗಿ ಬಣ್ಣ ಸಿಂಪಡಿಸುತ್ತ ಹೋಗುತ್ತದೆ. ಜಾಲರಿ ಬೇಡ. ಹಾಗಾಗಿ ಮೊದಲ ಮೀಟರಿಗೂ ನೂರನೆಯ ಮೀಟರಿಗೂ ಹೆಚ್ಚುಕಮ್ಮಿ ಒಂದೇ ಖರ್ಚು. ಅಮೆರಿಕದಲ್ಲಿ ಸ್ಟೀಫನ್ ಫ್ರೇಜರ್ ಎಂಬವರ ಹೆಂಡತಿಗೆ ದೊಡ್ಡ ದೊಡ್ಡ ಹಳದಿ ಚುಕ್ಕಿಯ ಪರದೆ ಹೊಲಿಯುವ ಆಸೆಯಿತ್ತಂತೆ. ಅಂಥ ಅರಿವೆ ಎಲ್ಲೂ ಸಿಗಲಿಲ್ಲ. ಆ ಹಳದಿ ಚುಕ್ಕಿಯಿಂದಲೇ 2008ರಲ್ಲಿ ‘ಸ್ಪೂನ್‌ಫ್ಲವರ್’ ಎಂಬ ಕಂಪನಿ ಹುಟ್ಟಿತು. ಮನೆಯಲ್ಲಿ ಕುಳಿತವರು ತಮ್ಮ ಚಿತ್ರ ಕಳಿಸಿದರೆ ಅರಿವೆಯಾಗಿ ಮರಳಿ ಬರುವ ವ್ಯಾಪಾರ ಅದು. ಇಂದು ನಮ್ಮ ದೇಶದಲ್ಲೂ ಈ ಕೆಲಸ ಮಾಡುವವರಿದ್ದಾರೆ. ಅಮೆರಿಕದ ಆ ಹೆಣ್ಣುಮಗಳಿಗೂ ಕರಜಗಿಯ ಈ ಹುಡುಗಿಗೂ ಬೇಕಾದದ್ದು ಒಂದೇ ನೋಡಿ. ‘ಅಂಥಾದ್ದೇ’!

ಆಯಿಯ ಬಳಿ ಹೋಗಿ ಕೇಳಿದೆ. “ಆಯೀ, ಅರಬಿ ಹೊಸಾದು, ಛಾಪು ಹಳೀದು. ಅದು ನಡೀತದೇನು?”

ಮುದುಕಿ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, “ಹೊಸಾ ಅರಬಿ ಇದ್ರ ನಾ ಯಾಕ ಬ್ಯಾಡ ಅನ್ನಲಿ. ಆದ್ರ ನಾ ನೋಡೂ ತನಕಾ ಹೊಲೀಬ್ಯಾಡ” ಅಂದಳು.

ಕಾರ್ಯಕ್ಕೆ ಎರಡು ತಿಂಗಳು ಬಾಕಿ. ಕೆಲಸ ಸುರು.

ಮೊದಲ ಪ್ರಶ್ನೆ, ಯಾವ ಅರಿವೆ? ಮೊಬೈಲಿನ ಪಟ್ಟಿಯಲ್ಲಿ ಹತ್ತಾರು ಹೆಸರು. ಕ್ರೇಪು, ಸ್ಯಾಟಿನ್, ಜಾರ್ಜೆಟ್, ಕ್ಯಾಂಬ್ರಿಕ್, ಮಸ್ಲಿನ್... ಹುಡುಗ ಮಿಂಚುವ ಕ್ರೇಪಿನ ಮೇಲೆ ಬೆರಳಿಟ್ಟಿದ್ದ. ನಾನು ಬೇಡ ಅಂದೆ. ಪಾಲಿಯೆಸ್ಟರಿಗೆ ಛಾಪು ಹಾಕುವ ಬಗೆ ಬೇರೆ. ಮೊದಲು ಕಾಗದದ ಮೇಲೆ ಮುದ್ರಿಸಿ, ಆ ಕಾಗದವನ್ನು ಅರಿವೆಗೆ ಒತ್ತಿ ಸುಮಾರು 200 ಡಿಗ್ರಿ ಶಾಖ ಕೊಡುತ್ತಾರೆ. ಬಣ್ಣ ಆವಿಯಾಗಿ ಎಳೆಯೊಳಗೆ ಇಳಿಯುತ್ತದೆ. ಬಣ್ಣ ಝಗಝಗ, ಖರ್ಚೂ ಕಡಿಮೆ. ಆದರೆ ನಮ್ಮೂರ ಬಿಸಿಲಿಗೆ, ಏಳು ತಿಂಗಳ ಬಸುರಿಯ ಮೈಗೆ ಪಾಲಿಯೆಸ್ಟರ್ ಕುಬಸವೇ? ಹತ್ತಿಯೇ ಆಗಬೇಕು. ಹತ್ತಿಗಾದರೆ ಸೋಡಾ, ಯೂರಿಯಾ ಕೂಡಿದ ದ್ರಾವಣವನ್ನು ಅರಿವೆಗೆ ಮೊದಲೇ ಹಚ್ಚಿ ಒಣಗಿಸಿರುತ್ತಾರೆ. ಯೂರಿಯಾ ಅಂದರೆ ಹೊಲಕ್ಕೆ ಹಾಕುವುದೇ, ನಗಬೇಡಿ! ಮುದ್ರಿಸಿದ ಮೇಲೆ ಹಬೆಯಲ್ಲಿಟ್ಟು ಬಣ್ಣ ಕೂರಿಸಿ, ತೊಳೆದು ಕಳಿಸುತ್ತಾರೆ. ನಾವು ತೆಳುವಾದ ಕ್ಯಾಂಬ್ರಿಕ್ ಆರಿಸಿದೆವು.

ಎರಡನೆಯದು ಚಿತ್ರ. ಸೀರೆಗೆ ಇಸ್ತ್ರಿ ಮಾಡಿ, ಬಿಸಿಲು ನೇರ ಬೀಳದ ಪಡಸಾಲೆಯ ಬೆಳಕಿನಲ್ಲಿ ಹಾಸಿ, ಪಕ್ಕದಲ್ಲಿ ನನ್ನ ಅಳತೆ ಪಟ್ಟಿ ಇಟ್ಟು ಫೋಟೋ ತೆಗೆಸಿದೆ. ಪಟ್ಟಿ ಯಾಕೆ ಅಂತೀರಾ? ಮೊಬೈಲಿನಲ್ಲಿ ಮೊಗ್ಗು ಎಷ್ಟು ದೊಡ್ಡದು ಅನ್ನುವುದು ತಿಳಿಯುವುದೇ ಇಲ್ಲ. ಬೆರಳಿನಿಂದ ಹಿಗ್ಗಿಸಿದರೆ ಕುಂಬಳಕಾಯಿ, ಕುಗ್ಗಿಸಿದರೆ ಸಾಸಿವೆ! ಪಟ್ಟಿ ಇದ್ದರೆ ಸುಳ್ಳು ನಡೆಯುವುದಿಲ್ಲ. ನಾಲ್ಕು ಇಂಚಿಗೊಮ್ಮೆ ಅದೇ ಗೊಂಚಲು ಮರಳಿ ಬರುತ್ತಿತ್ತು. ಅಂದರೆ ನಾಲ್ಕು ಇಂಚಿನ ಒಂದು ಚೌಕ ತುಂಡು ಸರಿಯಾಗಿ ಸಿಕ್ಕರೆ ಸಾಕು, ಯಂತ್ರ ಅದನ್ನೇ ಸಾಲು ಸಾಲಾಗಿ ಕೂಡಿಸುತ್ತ ಹೋಗುತ್ತದೆ. ಅರಿವೆಗೆ ಇಂಚಿಗೆ 150 ಚುಕ್ಕಿ ಇದ್ದರೆ ಛಾಪು ಸ್ವಚ್ಛ ಬರುತ್ತದೆ. ನಾಲ್ಕು ಇಂಚಿಗೆ 600. ಹುಡುಗ ಎರಡು ರಾತ್ರಿ ಕುಳಿತು ಸವೆದ ಮೊಗ್ಗುಗಳನ್ನು ಕಂಪ್ಯೂಟರಿನಲ್ಲಿ ತಿದ್ದಿದ. ಚೌಕದ ಎಡ ಅಂಚು ಬಲ ಅಂಚಿಗೆ, ಮೇಲಂಚು ಕೆಳ ಅಂಚಿಗೆ ಕೂಡುವಂತೆ ಮಾಡಿದ. ಇಲ್ಲದಿದ್ದರೆ ಅರಿವೆಯ ತುಂಬ ಜೋಡಣೆಯ ಗೆರೆ ಕಾಣುತ್ತದೆ.

ಬೇರೆಯವರ ಛಾಪು ಕದ್ದಂತಾಗುವುದಿಲ್ಲವೇ ಅಂತ ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ನಮ್ಮ ದೇಶದ 2000ದ ವಿನ್ಯಾಸ ಕಾಯ್ದೆಯಲ್ಲಿ ನೋಂದಾಯಿಸಿದ ವಿನ್ಯಾಸಕ್ಕೆ ಮೊದಲು 10 ವರ್ಷ, ಮುಂದುವರಿಸಿದರೆ ಇನ್ನೂ 5 ವರ್ಷ, ಒಟ್ಟು 15 ವರ್ಷದ ರಕ್ಷಣೆ. ಈ ಸೀರೆ ಅದನ್ನು ದಾಟಿದ್ದು. ಆದರೆ ಇಂದಿನ ಚಿತ್ರದ ಪೋಸ್ಟರು, ಇಂದಿನ ವಿನ್ಯಾಸಕಾರರ ಹೂವು, ಇವನ್ನೆಲ್ಲ ಕೇಳದೆ ಛಾಪಿಸುವ ಹಕ್ಕು ನಮಗಿಲ್ಲ. ಅಭಿಮಾನ ಎಷ್ಟೇ ಇರಲಿ!

ಮೂರನೆಯದೇ ಕಠಿಣವಾದದ್ದು. ಬಣ್ಣ.

ಸೀರೆಯ ಹಸಿರು ತೊಳೆದು ತೊಳೆದು ಬಿಸಿಲಿಗೆ ಮಾಸಿತ್ತು. ಮೊದಲು ಅದು ಎಂಥ ಹಸಿರಾಗಿತ್ತು? ಹುಡುಗಿಗೆ ನೆನಪಿಲ್ಲ. ಆಯಿ ‘ಗಿಣಿ ಹಸರ’ ಅಂದಳು, ಮತ್ತೊಂದು ಸಲ ‘ಎಲಿ ಹಸರ’ ಅಂದಳು. ನನಗೆ ನನ್ನ ಕಸುಬೇ ನೆನಪಿಗೆ ಬಂತು. ಸೀರೆಯ ಕೆಳಗೆ ಫಾಲ್ ಹಚ್ಚಿತ್ತು. ಫಾಲಿನ ಕೆಳಗಿನ ಅರಿವೆ ಬಿಸಿಲು ಕಾಣುವುದಿಲ್ಲ! ಬ್ಲೇಡಿನಿಂದ ಒಂದು ಗೇಣು ಹೊಲಿಗೆ ಬಿಚ್ಚಿದೆ. ಕೈಹೊಲಿಗೆ ಅದು, ಅವಳ ತಾಯಿಯದೇ ಕೈ. ಒಂದು ಹೊಲಿಗೆ ಸಣ್ಣ, ಒಂದು ದೊಡ್ಡ. ಫಾಲ್ ಎತ್ತಿದರೆ ಕೆಳಗೆ ಹೊಚ್ಚ ಹೊಸ ಹಸಿರು. ಜೋಳದ ಸುಳಿಯ ಹಾಗೆ. ಹುಡುಗಿ ಅದರ ಮೇಲೆ ಕೈ ಇಟ್ಟು ಸುಮ್ಮನೆ ಕುಳಿತುಬಿಟ್ಟಳು. ತಾಯಿ ಅಂಗಡಿಯಿಂದ ತಂದ ದಿನದ ಬಣ್ಣವನ್ನು ಅವಳು ನೋಡಿದ್ದು ಅದೇ ಮೊದಲು.

ಒಮ್ಮೆಲೇ ಮೀಟರ್ ತರಿಸುವುದು ಬೇಡ, ಮೊದಲು ಮಾದರಿ ತುಂಡು ತರಿಸೋಣ ಅಂದೆ. ಅಂಗೈ ಎರಡರಷ್ಟು ದೊಡ್ಡ ತುಂಡು ಬಂತು. ಮೊಗ್ಗು ಸರಿ, ಅಳತೆ ಸರಿ, ಹಸಿರು ಮಾತ್ರ ಬಾಡಿದ ಪಾಲಕ್ ಸೊಪ್ಪು! ಮೊಬೈಲಿನಲ್ಲಿ ಅಷ್ಟು ಚೆಂದ ಹೊಳೆದದ್ದು ಇಲ್ಲಿ ಹೀಗೇಕೆ? ಇದರಲ್ಲಿ ಯಾರ ತಪ್ಪೂ ಇಲ್ಲ. ಮೊಬೈಲಿನ ಬಣ್ಣ ಬೆಳಕಿನಿಂದ ಆದದ್ದು, ಒಳಗಿನಿಂದ ಉರಿಯುತ್ತದೆ. ಅರಿವೆಯ ಬಣ್ಣ ಮಸಿಯಿಂದ ಆದದ್ದು, ಮೇಲಿಂದ ಬಿದ್ದ ಬೆಳಕನ್ನಷ್ಟೇ ಮರಳಿಸುತ್ತದೆ. ಸಿನಿಮಾ ತೆರೆಯ ಮೇಲಿನ ಸೀರೆಗೂ ಅಂಗಡಿಯ ಸೀರೆಗೂ ಇರುವ ಅಂತರವೇ ಇದು. ಪರದೆಯ ಹಸಿರನ್ನು ಪೂರ್ತಿ ತರುವ ಮಸಿ ಇಲ್ಲ.

ಹಾಗಾದರೆ ದಾರಿ? ಮೊಬೈಲನ್ನು ನಂಬದೆ ಅರಿವೆಯನ್ನೇ ಕೇಳುವುದು. ಎರಡನೆಯ ಮಾದರಿ ತುಂಡಿನಲ್ಲಿ ಮೊಗ್ಗು ತೆಗೆದುಹಾಕಿ ಹನ್ನೆರಡು ಹಸಿರು ಚೌಕ ಛಾಪಿಸಿದೆವು. ಒಂದಕ್ಕಿಂತ ಒಂದು ತುಸು ಬೇರೆ, ಪ್ರತಿಯೊಂದಕ್ಕೂ ನಂಬರು. ಅದು ಬಂದ ಮೇಲೆ ಎರಡು ಭಾಗ ಮಾಡಿ, ಒಂದನ್ನು ಸಾಬೂನಿನಲ್ಲಿ ತಿಕ್ಕಿ ನಾಲ್ಕು ದಿನ ಮಾಳಿಗೆಯ ಬಿಸಿಲಿಗೆ ಹಾಕಿದೆ. ಆಮೇಲೆ ಫಾಲ್ ಎತ್ತಿ ಆ ಹಸಿರಿನ ಪಕ್ಕ ಒಂದೊಂದಾಗಿ ಹಿಡಿದು ನೋಡಿದೆವು. ಏಳನೆಯ ನಂಬರು ಕೂಡಿತು. ಮೂರು ಹೆಂಗಸರೂ ಬೇರೆ ಬೇರೆ ನೋಡಿ ಅದೇ ನಂಬರು ಹೇಳಿದೆವು ಅನ್ನುವುದೇ ನನಗೆ ಧೈರ್ಯ.

ಒಂದು ಮೀಟರಿಗೆ ಹಣ ಕಟ್ಟಿದೆವು. ಅಂಗಡಿಯ ಛಾಪಿನ ಹತ್ತಿಗಿಂತ ಮೂರು ಪಟ್ಟು ಬಿತ್ತು, ಮಾದರಿ ತುಂಡು, ಸಾಗಣೆ ಬೇರೆ. ಇಡೀ ಸೀರೆ ಛಾಪಿಸಿದ್ದರೆ ಐದೂವರೆ ಮೀಟರ್, ಅದು ಅವಳ ಕೈಗೆ ನಿಲುಕುವುದಲ್ಲ. ಕುಬಸಕ್ಕೆ ಒಂದು ಮೀಟರ್ ಸಾಕಿತ್ತು. ಕೊರಿಯರಿನವರು ಹಳ್ಳಿಗೆ ಬರುವುದಿಲ್ಲ, ತಾಲೂಕಿಗೆ ಬಂದು ಒಯ್ಯಿರಿ ಅಂದರು. ಬೇಡವೆಂದು ಅಂಚೆಯಲ್ಲಿ ತರಿಸಿದೆವು. ಕಾರ್ಯ ಐದು ದಿನ ಇರುವಾಗ ಪೋಸ್ಟಮನ್ ಪಡಸಾಲೆಗೇ ತಂದುಕೊಟ್ಟ.

ಆಯಿ ಬಂದಳು. ಕಣ್ಣು ಮಂಜಾದ ಮುದುಕಿ, ನೋಡುವ ಮೊದಲು ಅರಿವೆಯನ್ನು ಮುಟ್ಟಿದಳು. ಹೆಬ್ಬೆರಳು, ತೋರುಬೆರಳಿನ ನಡುವೆ ತಿಕ್ಕಿದಳು. ಮೂಸಿದಳು. ನಮ್ಮಿಬ್ಬರ ಉಸಿರೂ ನಿಂತಿತ್ತು.

“ಇದು ನನ್ನ ಮಗಳ ಸೀರಿ ಅಲ್ಲ” ಅಂದಳು.

ಹುಡುಗಿಯ ಮುಖ ಇಳಿದುಹೋಯಿತು.

“ಅಲ್ಲ ಅಂತನ ಹೇಳಾಕತ್ತೀನಿ. ಇದು ಹೊಸಾದು ಅದ. ಹೊಲೀರಿ.”

ರಾತ್ರಿಯೆಲ್ಲ ನೀರಲ್ಲಿ ನೆನೆಹಾಕಿ, ಒಣಗಿಸಿ, ಆಮೇಲೆ ಕತ್ತರಿಸಿದೆ. ಹತ್ತಿ ನೂರಕ್ಕೆ ಮೂರು-ನಾಲ್ಕು ಪಾಲು ಕುಗ್ಗುತ್ತದೆ. ನೆನೆಸದೆ ಹೊಲಿದ ಕುಬಸ ಮೊದಲ ಒಗೆತಕ್ಕೇ ಬಿಗಿಯುತ್ತದೆ. ಬಸುರಿಯ ಕುಬಸ ಬೇರೆ, ಎರಡೂ ಬದಿಗೆ ಒಂದೂವರೆ ಇಂಚು ಒಳಗೆ ಮಡಚಿ ಬಿಟ್ಟೆ. ಬಾಣಂತನದಲ್ಲಿ ಬಿಚ್ಚಿ ಸಡಿಲಿಸಿಕೊಳ್ಳಬಹುದು.

ಕುಬಸದ ದಿನ ಸಾದಾ ಹಸಿರು ಇಳಕಲ್ ಸೀರೆಯ ಮೇಲೆ ಆ ಮಲ್ಲಿಗೆ ಮೊಗ್ಗಿನ ಕುಬಸ. ನೋಡಿದ ಹೆಂಗಸರು ‘ಎಲ್ಲಿ ಸಿಕ್ತ?’ ಅಂತ ಕೇಳಿದರು. ಹುಡುಗಿ ‘ನಮ್ಮವ್ವಂದು’ ಅಂದಳು. ಉಡಿ ತುಂಬುವಾಗ ಆಯಿಯ ಕೈ ನಡುಗುತ್ತಿತ್ತು, ಆದರೆ ಬಾಯಲ್ಲಿ ಬೇಡ ಅನ್ನುವ ಮಾತಿರಲಿಲ್ಲ.

ಉಳಿದ ತುಂಡಿನಲ್ಲಿ ಕೂಸಿಗೆ ಕುಲಾವಿ ಹೊಲಿಯಲೇ ಅಂತ ಕೇಳಿದೆ. “ಹುಟ್ಟಲಿ ಮೊದಲ” ಅಂದಳು ಆಯಿ. ಹಳೆಯ ಸೀರೆಯನ್ನು ಆಕೆಯೇ ಮಡಚಿ ಎತ್ತಿಟ್ಟಳು. ಹುಟ್ಟಿದ ಕೂಸಿನ ಮೈಗೆ ಹೊಸ ಅರಿವೆ ಒರಟು, ತೊಳೆದು ತೊಳೆದು ಮೆತ್ತಗಾದ ಹಳೆಯ ಹತ್ತಿಯೇ ಬೇಕು ಅನ್ನುವುದು ನಮ್ಮ ಹಿರಿಯರ ಮಾತು. ಕೂಸು ಹುಟ್ಟಿತು, ಹೆಣ್ಣು. ಅಜ್ಜಿಯ ಸೀರೆಯ ತುಂಡಿನಲ್ಲೇ ಸುತ್ತಿ ಮಲಗಿಸಿದರು. ಮಿಕ್ಕದ್ದು ಈಗ ನನ್ನ ಬಳಿ ಇದೆ, ಕೌದಿಯೊಳಗೆ ಪದರಾಗಿ ಹಾಕಿ ಹೊಲಿಯುತ್ತಿದ್ದೇನೆ.

ಆ ಕುಬಸ ನೋಡಿದ ಮೇಲೆ ಎಷ್ಟೋ ಜನ ಮೊಬೈಲ್ ಹಿಡಿದು ನನ್ನ ಬಳಿ ಬರುತ್ತಿದ್ದಾರೆ. ಎಲ್ಲರಿಗೂ ಹೇಳುವುದು ಇಷ್ಟೇ. ಮಾದರಿ ತುಂಡು ಬರದೆ ಮೀಟರಿಗೆ ಹಣ ಕಟ್ಟಬೇಡಿ. ಫೋಟೋದ ಪಕ್ಕ ಅಳತೆ ಪಟ್ಟಿ ಇಡಿ. ಮೈಗೆ ತೊಡುವುದಾದರೆ ಹತ್ತಿ ಕೇಳಿ, ಬಂದ ಮೇಲೆ ನೆನೆಸಿ. ಕಾರ್ಯವಿದ್ದರೆ ಎರಡು ತಿಂಗಳು ಮೊದಲೇ ಸುರು ಮಾಡಿ. ಇನ್ನೊಂದು ಮಾತು: ಯಂತ್ರದಿಂದ ‘ಅಂಥಾದ್ದೇ’ ತರಿಸಬಹುದು, ‘ಅದನ್ನೇ’ ತರಿಸಲಾಗದು. ಅಂಥಾದ್ದು ಬಂತೆಂದು ಅದನ್ನು ಎಸೆಯಬೇಡಿ. ಮನೆಯಲ್ಲಿ ಹಳೆಯ ಸೀರೆ ಇದ್ದರೆ ಇವತ್ತೇ ಒಮ್ಮೆ ಫಾಲ್ ಎತ್ತಿ ನೋಡಿ.